ಲ್ಯಾಪ್‌ಟಾಪ್ ಮದರ್‌ಬೋರ್ಡ್ ದುರಸ್ತಿ: ವೀಡಿಯೊ ನೋಡಿ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನನ್ನದೊಂದು ಲ್ಯಾಪ್‌ಟಾಪ್ ದುರಸ್ತಿ ಅಂಗಡಿ ಇದೆ. ಚಿಪ್ ಲೆವೆಲ್ ಕೆಲಸದ ಬಹುಪಾಲನ್ನು ನಾನು ಕಲಿತದ್ದು ವೀಡಿಯೊಗಳಿಂದ, ಒಂದೆರಡು ಆನ್‌ಲೈನ್ ಕೋರ್ಸುಗಳಿಂದ ಮತ್ತು ಗುಜರಿಯಿಂದ ತೂಕಕ್ಕೆ ತಂದ ಬೋರ್ಡುಗಳಿಂದ. ಅಂಗಡಿಗೆ ಬಂದು ನಿಲ್ಲುವ ಹುಡುಗರು, ಬೇರೆ ಊರುಗಳಿಂದ ಫೋನ್ ಮಾಡುವವರು, ಸಂದೇಶ ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಶುರು ಮಾಡುವ ಮುನ್ನ

ಸರ್, ನಾನು ಬಿ.ಕಾಂ. ಓದಿದವನು. ಎಲೆಕ್ಟ್ರಾನಿಕ್ಸ್ ಏನೂ ಗೊತ್ತಿಲ್ಲ. ನನ್ನಿಂದ ಆಗುತ್ತದೆಯೇ?

ಆಗುತ್ತದೆ. ಎಂಜಿನಿಯರಿಂಗ್ ಪದವಿಯಲ್ಲಿ ಕಲಿಸುವ ಗಣಿತದಲ್ಲಿ ಹೆಚ್ಚಿನದು ಈ ಮೇಜಿನ ಮೇಲೆ ಬೇಕಾಗುವುದಿಲ್ಲ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ವಿದ್ಯುಚ್ಛಕ್ತಿಯ ಪಾಠವನ್ನು ಮತ್ತೊಮ್ಮೆ ಓದಿ. ಕನ್ನಡ ಮಾಧ್ಯಮದ ಪುಸ್ತಕವೇ ಸಾಕು. ವೋಲ್ಟೇಜ್, ಕರೆಂಟ್, ರೋಧ ಈ ಮೂರಕ್ಕೂ ಇರುವ ನಂಟು ಮನಸ್ಸಿನಲ್ಲಿ ಕೂರಬೇಕು. ಆಮೇಲೆ ಕೆಪಾಸಿಟರ್, ಕಾಯಿಲ್, ಡಯೋಡ್, ಮಾಸ್ಫೆಟ್ ಎಂಬ ನಾಲ್ಕು ಬಿಡಿಭಾಗಗಳು ಏನು ಮಾಡುತ್ತವೆ ಎಂದು ತಿಳಿದುಕೊಳ್ಳಿ. ಇದರಲ್ಲಿ ಮಾಸ್ಫೆಟ್‌ಗೆ ಹೆಚ್ಚು ಸಮಯ ಕೊಡಿ. ಅದನ್ನು ಗೇಟ್ ಎಂಬ ಕಾಲಿನ ವೋಲ್ಟೇಜಿನಿಂದ ತೆರೆದು ಮುಚ್ಚುವ ನಲ್ಲಿ ಎಂದುಕೊಂಡರೆ ಅರ್ಧ ಬೋರ್ಡು ಅರ್ಥವಾದಂತೆ. ಬಿಡಿಭಾಗಗಳ ವಿವರ ಕೊಡುವ ಡೇಟಾಶೀಟ್‌ಗಳು ಇಂಗ್ಲಿಷಿನಲ್ಲಿರುತ್ತವೆ, ನಿಜ. ಆದರೆ ಅವುಗಳಲ್ಲಿ ಬರುವ ಪದಗಳು ಕೆಲವೇ. ಹತ್ತು ಡೇಟಾಶೀಟ್ ಓದುವಷ್ಟರಲ್ಲಿ ಅವು ಪರಿಚಯವಾಗಿಬಿಡುತ್ತವೆ.

ಕಾರ್ಡ್ ಲೆವೆಲ್, ಚಿಪ್ ಲೆವೆಲ್ ಎನ್ನುತ್ತಾರಲ್ಲ, ಏನು ವ್ಯತ್ಯಾಸ?

ಕೆಟ್ಟ ರ್‍ಯಾಮ್, ಹಾರ್ಡ್‌ಡಿಸ್ಕ್, ಕೀಬೋರ್ಡ್ ಅಥವಾ ಇಡೀ ಮದರ್‌ಬೋರ್ಡನ್ನೇ ತೆಗೆದು ಬೇರೆಯದನ್ನು ಹಾಕುವುದು ಕಾರ್ಡ್ ಲೆವೆಲ್. ಬೋರ್ಡಿನ ಮೇಲೆ ಕೆಟ್ಟಿರುವ ಒಂದು ಕೆಪಾಸಿಟರನ್ನೋ ಐಸಿ ಎಂಬ ಚಿಪ್ಪನ್ನೋ ಹುಡುಕಿ ಅದಷ್ಟನ್ನೇ ಬದಲಿಸುವುದು ಚಿಪ್ ಲೆವೆಲ್. ಲ್ಯಾಪ್‌ಟಾಪನ್ನು ಸ್ಕ್ರೂ ಕಳೆಯದೆ, ರಿಬ್ಬನ್ ಕೇಬಲ್ ಹರಿಯದೆ ಬಿಚ್ಚಿ ಜೋಡಿಸಲು ಬರದವರು ಚಿಪ್ ಲೆವೆಲ್‌ಗೆ ನೆಗೆಯಬಾರದು. ಮೊದಲ ಒಂದೆರಡು ತಿಂಗಳು ಬರೀ ಬಿಚ್ಚಿ ಜೋಡಿಸಿ.

ಬರೀ ವೀಡಿಯೊ ನೋಡಿಯೇ ಪೂರ್ತಿ ಕಲಿಯಬಹುದೇ? ಗುರು ಬೇಡವೇ?

ಕಲಿಯಬಹುದು. ಆದರೆ ನೋಡುವ ಕ್ರಮವನ್ನು ಬದಲಾಯಿಸಬೇಕು. ನಾನು ಮೊದಲ ನಾಲ್ಕು ತಿಂಗಳು ರಾತ್ರಿ ಹನ್ನೊಂದರವರೆಗೆ ವೀಡಿಯೊ ನೋಡಿದೆ. ನೋಡುವಾಗ ಎಲ್ಲವೂ ಅರ್ಥವಾಗುತ್ತಿತ್ತು. ಬೋರ್ಡನ್ನು ಮುಂದೆ ಇಟ್ಟುಕೊಂಡರೆ ಮೀಟರಿನ ಅಳೆಯುವ ಕಡ್ಡಿ, ಅಂದರೆ ಪ್ರೋಬ್, ಎಲ್ಲಿಡಬೇಕೆಂದೇ ತೋಚುತ್ತಿರಲಿಲ್ಲ. ಇನ್ನೊಬ್ಬರು ಅಳೆಯುವುದನ್ನು ನೋಡುವಾಗ ಯೋಚನೆಯನ್ನೂ ಅವರೇ ಮಾಡಿಬಿಡುತ್ತಾರೆ.

ನನಗೆ ದಾರಿ ಸಿಕ್ಕಿದ್ದು ಒಂದು ನೋಟುಬುಕ್ಕಿನಿಂದ. ವೀಡಿಯೊದಲ್ಲಿ ಲ್ಯಾಪ್‌ಟಾಪಿನ ತೊಂದರೆಯನ್ನು ಹೇಳಿದ ಕೂಡಲೇ ನಿಲ್ಲಿಸುತ್ತಿದ್ದೆ. ನಾನಾಗಿದ್ದರೆ ಮೊದಲು ಎಲ್ಲಿ ಅಳೆಯುತ್ತಿದ್ದೆ, ಅಲ್ಲಿ ಎಷ್ಟು ಬರಬೇಕು, ಬರದಿದ್ದರೆ ಮುಂದೇನು ಎಂಬ ಮೂರು ಸಾಲು ಬರೆದು ಆಮೇಲೆ ಮುಂದುವರಿಸುತ್ತಿದ್ದೆ. ಮೊದಮೊದಲು ಹತ್ತಕ್ಕೆ ಒಂಬತ್ತು ತಪ್ಪಾಗುತ್ತಿದ್ದವು. ತಪ್ಪಾದ ಕಡೆ ಕೆಂಪು ಗೆರೆ ಎಳೆದು, ಅವರು ಏಕೆ ಬೇರೆ ಕಡೆ ಅಳೆದರು ಎಂದು ಬರೆಯುತ್ತಿದ್ದೆ. ಆ ನೋಟುಬುಕ್ಕೇ ನನ್ನ ಗುರು ಎನ್ನಲು ನನಗೆ ಸಂಕೋಚವಿಲ್ಲ. ಇನ್ನೊಂದು ಅಭ್ಯಾಸವೂ ಮುಖ್ಯ: ಈ ದಿನ ನೋಡಿದ ಅಳತೆಯನ್ನು ಈ ದಿನವೇ ನಿಮ್ಮ ಬಳಿ ಇರುವ ಬೋರ್ಡಿನ ಮೇಲೆ ಮಾಡಿ. ಮಾದರಿ ಬೇರೆಯಾದರೂ ಚಿಂತೆಯಿಲ್ಲ. ಆ ಕಾಯಿಲ್ ನಿಮ್ಮ ಬೋರ್ಡಿನಲ್ಲಿ ಎಲ್ಲಿದೆ ಎಂದು ಹುಡುಕುವುದೇ ಒಂದು ಪಾಠ.

ಇಪ್ಪತ್ತು ನಿಮಿಷದ ವೀಡಿಯೊದ ಹಿಂದೆ ಕತ್ತರಿಸಿ ತೆಗೆದ ಗಂಟೆಗಳಿರುತ್ತವೆ, ಸರಿಯಾಗದೆ ಉಳಿದ ಬೋರ್ಡುಗಳಿರುತ್ತವೆ. ನಿಮಗೆ ಮೂರು ದಿನ ಹಿಡಿದರೆ ನಿಮ್ಮಲ್ಲಿ ಕೊರತೆಯಿದೆ ಎಂದುಕೊಳ್ಳಬೇಡಿ.

ಎಷ್ಟು ತಿಂಗಳು ಬೇಕು?

ದಿನಕ್ಕೆ ಎರಡು ಗಂಟೆ ಕೂತ ನನಗೆ, ನಾನೇ ದೋಷ ಹುಡುಕಿ ನಾನೇ ಸರಿಪಡಿಸಿದ ಮೊದಲ ಬೋರ್ಡು ಎಂಟನೇ ತಿಂಗಳಲ್ಲಿ ಆಯಿತು. ಹದಿನೈದು ದಿನದಲ್ಲಿ ಕಲಿಸುತ್ತೇವೆ ಎನ್ನುವ ಜಾಹೀರಾತನ್ನು ನಂಬಬೇಡಿ.

## ಕೋರ್ಸುಗಳು, ವೀಡಿಯೊಗಳು

ದುಡ್ಡು ಕೊಟ್ಟು ಕೋರ್ಸ್ ಸೇರಲೇ? ಒಳ್ಳೆಯದು ಯಾವುದೆಂದು ಹೇಗೆ ಗೊತ್ತಾಗುತ್ತದೆ?

ಪಾಠಗಳ ಪಟ್ಟಿಯನ್ನು ಮೊದಲು ಕೇಳಿ ಪಡೆಯಿರಿ. ಅದರಲ್ಲಿ ಪವರ್ ಸೀಕ್ವೆನ್ಸ್, ಅಂದರೆ ಅಡಾಪ್ಟರ್ ಚುಚ್ಚಿದಾಗಿನಿಂದ ಪರದೆ ಬೆಳಗುವವರೆಗೆ ಯಾವ ವೋಲ್ಟೇಜ್ ಯಾವುದರ ನಂತರ ಹುಟ್ಟುತ್ತದೆ ಎಂಬುದನ್ನು ಹಲವು ತರಗತಿಗಳಲ್ಲಿ ವಿವರಿಸಿದ್ದರೆ ಆ ಕೋರ್ಸಿಗೆ ತಿರುಳಿದೆ. ಅದರ ಬದಲು "ಈ ಮಾದರಿ, ಈ ದೋಷ, ಈ ಐಸಿ ಬದಲಿಸಿ" ಎಂಬ ಪಟ್ಟಿಯೇ ತುಂಬಿದ್ದರೆ ಬಿಟ್ಟುಬಿಡಿ. ನಾನು ಮೊದಲು ಸೇರಿದ ಕೋರ್ಸ್ ಹೀಗೆಯೇ ಇತ್ತು. ಅದರ ಪಟ್ಟಿಯಲ್ಲಿದ್ದ ಮಾದರಿಗಳಲ್ಲಿ ಒಂದೂ ಆ ವರ್ಷ ನನ್ನ ಅಂಗಡಿಗೆ ಬರಲಿಲ್ಲ. ಕೊಟ್ಟ ಹಣಕ್ಕಿಂತ, ಕಲಿತೆ ಎಂದು ನಂಬಿಕೊಂಡು ಕಳೆದ ತಿಂಗಳುಗಳ ಬಗ್ಗೆ ನನಗೆ ಈಗಲೂ ನೋವಿದೆ.

ಪ್ರಶ್ನೆ ಕೇಳಿದರೆ ಉತ್ತರಿಸುವ ವ್ಯವಸ್ಥೆ ಇದೆಯೇ ಎಂದೂ ನೋಡಿ. ವೀಡಿಯೊಗಳು ಉಚಿತವಾಗಿ ಸಿಗುವ ಕಾಲದಲ್ಲಿ ನೀವು ಹಣ ಕೊಡುವುದು ಕ್ರಮಬದ್ಧತೆಗೆ ಮತ್ತು ನಿಮ್ಮ ಅಳತೆಯನ್ನು ನೋಡಿ "ಇಲ್ಲಿ ತಪ್ಪಿದ್ದೀರಿ" ಎಂದು ಹೇಳುವ ಮನುಷ್ಯನಿಗೆ.

ಯಾರ ವೀಡಿಯೊ ನೋಡಲಿ? ಕನ್ನಡದಲ್ಲಿ ಹೆಚ್ಚು ಸಿಗುವುದಿಲ್ಲವಲ್ಲ.

ನಮ್ಮ ಅಂಗಡಿಗಳಿಗೆ ಬರುವಂಥ ಲ್ಯಾಪ್‌ಟಾಪುಗಳ ಕೆಲಸ ಹಿಂದಿ ವೀಡಿಯೊಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಇಂಗ್ಲಿಷಿನಲ್ಲಿ ಅಮೆರಿಕದ ಲೂಯಿ ರಾಸ್‌ಮನ್ ಮ್ಯಾಕ್‌ಬುಕ್ ಬೋರ್ಡುಗಳನ್ನು ರಿಪೇರಿ ಮಾಡುತ್ತಾ, ತಾನು ಏನು ಯೋಚಿಸುತ್ತಿದ್ದೇನೆಂದು ಗಟ್ಟಿಯಾಗಿ ಹೇಳುತ್ತಾ ಹೋಗುವ ಹಳೆಯ ವೀಡಿಯೊಗಳಿವೆ. ನೀವು ಮ್ಯಾಕ್‌ಬುಕ್ ಮುಟ್ಟದಿದ್ದರೂ ಆ ಯೋಚನೆಯ ಸರಣಿಗಾಗಿ ನೋಡಿ. ಎಲೆಕ್ಟ್ರಾನಿಕ್ಸ್ ಬುನಾದಿಗೆ ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು ಉಚಿತ. ಪೂರ್ತಿ ಬೇಡ, ಡಯೋಡ್ ಮತ್ತು ಮಾಸ್ಫೆಟ್ ಬಗೆಗಿನ ತರಗತಿಗಳು ಸಾಕು. ಒಬ್ಬರನ್ನೇ ಹಿಡಿದು ಮೂವತ್ತು ವೀಡಿಯೊ ನೋಡಿ. ದಿನಕ್ಕೊಬ್ಬರನ್ನು ನೋಡಿದರೆ ಯಾರ ಕ್ರಮವೂ ಮೈಗೂಡುವುದಿಲ್ಲ.

ಸರ್ಟಿಫಿಕೇಟ್ ಬೇಕೇ?

ಸ್ವಂತ ಅಂಗಡಿಗೆ ಬೇಡ, ಗಿರಾಕಿ ಅದನ್ನು ಕೇಳುವುದಿಲ್ಲ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೆಲಸ ಬೇಕೆಂದರೆ ಐಟಿಐಯ ಕಂಪ್ಯೂಟರ್ ಹಾರ್ಡ್‌ವೇರ್ ವಿಭಾಗದಂತಹ ಮಾನ್ಯತೆ ಪಡೆದ ಓದು ನೆರವಾಗುತ್ತದೆ.

## ಮೇಜು ಮತ್ತು ಉಪಕರಣ

ಮೊದಲು ಏನೇನು ಕೊಳ್ಳಲಿ? ಕೈಯಲ್ಲಿ ಹೆಚ್ಚು ಹಣವಿಲ್ಲ.

ಒಂದು ಒಳ್ಳೆಯ ಮಲ್ಟಿಮೀಟರ್, ಅದಕ್ಕೆ ಸೂಜಿಯಂತಹ ಮೊನೆಯ ಪ್ರೋಬ್. ಇದರಲ್ಲಿ ಜಿಪುಣತನ ಬೇಡ. ಉಷ್ಣತೆ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್, ತೆಳುವಾದ ಲೆಡ್ (ಬೆಸುಗೆಯ ತಂತಿಯನ್ನು ನಾವು ಹಾಗೆ ಕರೆಯುತ್ತೇವೆ), ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವ ಒಳ್ಳೆಯ ಫ್ಲಕ್ಸ್, ಚಿಮುಟ, ಲೆಡ್ ಹೀರುವ ತಾಮ್ರದ ವಿಕ್, ತೊಳೆಯಲು ಐಸೊಪ್ರೊಪೈಲ್ ಆಲ್ಕೊಹಾಲ್, ಹಳೆಯ ಹಲ್ಲುಜ್ಜುವ ಬ್ರಷ್. ಮೊದಲ ಮೂರು ತಿಂಗಳಿಗೆ ಇಷ್ಟು ಸಾಕು. ಹಾಟ್ ಏರ್ ಬ್ಲೋವರ್ ಅದರ ನಂತರ. ಅದಕ್ಕೂ ಮೊದಲು ಸಾಧ್ಯವಾದರೆ ಕರೆಂಟ್ ತೋರಿಸುವ ಡಿಸಿ ಪವರ್ ಸಪ್ಲೈ ಕೊಳ್ಳಿ. ಬೋರ್ಡು ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂಬ ಒಂದೇ ಅಂಕಿ ಅರ್ಧ ಕಥೆ ಹೇಳುತ್ತದೆ. ಸೂಕ್ಷ್ಮದರ್ಶಕ ದುಡಿಮೆಯ ಹಣದಿಂದ ಬರಲಿ. ಹೆಸರಾಂತ ಬ್ರಾಂಡುಗಳ ಫ್ಲಕ್ಸಿಗೆ ನಕಲಿಗಳು ತುಂಬಾ ಇವೆ. ತೀರಾ ಅಗ್ಗಕ್ಕೆ ಸಿಕ್ಕರೆ ಅನುಮಾನಿಸಿ.

ಅಭ್ಯಾಸಕ್ಕೆ ಬೋರ್ಡುಗಳು ಎಲ್ಲಿ ಸಿಗುತ್ತವೆ?

ಬೆಂಗಳೂರಿಗೆ ಹೋಗಬಲ್ಲವರು ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ಒಂದು ಬೆಳಿಗ್ಗೆ ಕಳೆಯಿರಿ. ಬೇರೆ ಊರಿನವರು ಗುಜರಿ ಅಂಗಡಿ ಮತ್ತು ಹಳೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿ. ಎರಡು ಬಗೆಯ ಬೋರ್ಡು ಬೇಕು: ಬೆಸುಗೆ ಕಲಿಯಲು ಪೂರ್ತಿ ಸತ್ತವು, ಅಳೆಯಲು ಕೆಲಸ ಮಾಡುವ ಒಂದು ಹಳೆಯ ಬೋರ್ಡು. ಈ ಎರಡನೆಯದನ್ನು ಯಾರೂ ಕೊಳ್ಳುವುದಿಲ್ಲ. ಆರೋಗ್ಯವಂತ ಬೋರ್ಡಿನ ಪ್ರತಿ ಕಾಯಿಲ್‌ನಲ್ಲಿ ಎಷ್ಟು ಓಮ್, ಎಷ್ಟು ವೋಲ್ಟ್ ಇದೆಯೆಂದು ಬರೆದಿಟ್ಟುಕೊಳ್ಳದವರಿಗೆ ರೋಗಿಯ ಅಳತೆ ಏನು ಹೇಳುತ್ತಿದೆ ಎಂದು ತಿಳಿಯುವುದು ಹೇಗೆ?

ಲೆಡ್ ಕರಗುವುದೇ ಇಲ್ಲ, ಒತ್ತಿದರೆ ಪ್ಯಾಡ್ ಕಿತ್ತು ಬರುತ್ತದೆ. ಏನು ತಪ್ಪು ಮಾಡುತ್ತಿದ್ದೇನೆ?

2006ರ ಜುಲೈಯಲ್ಲಿ ಯುರೋಪಿನ ನಿಯಮ ಜಾರಿಯಾದ ಮೇಲೆ ಕಾರ್ಖಾನೆಗಳು ಸೀಸವಿಲ್ಲದ ಬೆಸುಗೆಗೆ ತಿರುಗಿದವು. ಅದು ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ನಾವು ಬಳಸುವ 63 ಭಾಗ ತವರ, 37 ಭಾಗ ಸೀಸದ ಲೆಡ್ 183 ಡಿಗ್ರಿಗೇ ಕರಗುತ್ತದೆ. ಜೊತೆಗೆ ಬೋರ್ಡಿನ ಒಳಗಿನ ಗ್ರೌಂಡ್ ಪದರದ ತಾಮ್ರ ಶಾಖವನ್ನೆಲ್ಲ ಕುಡಿಯುತ್ತದೆ. ಆದ್ದರಿಂದ ಹಳೆಯ ಬೆಸುಗೆಗೆ ಮೊದಲು ಫ್ಲಕ್ಸ್ ಹಚ್ಚಿ, ನಿಮ್ಮ ಲೆಡ್ಡನ್ನು ಸ್ವಲ್ಪ ಬೆರೆಸಿ. ಮಿಶ್ರಣ ಕಡಿಮೆ ಉಷ್ಣತೆಯಲ್ಲಿ ಕರಗುತ್ತದೆ. ಚೂಪು ಮೊನೆ ಬಿಟ್ಟು ಅಗಲ ಮೊನೆ ಹಾಕಿ. ಬೋರ್ಡನ್ನು ಕೆಳಗಿನಿಂದ ಅಥವಾ ಬ್ಲೋವರ್‌ನಿಂದ ಮೊದಲೇ ಬೆಚ್ಚಗಾಗಿಸಿ. ಪ್ಯಾಡ್, ಅಂದರೆ ಭಾಗವನ್ನು ಬೆಸೆಯುವ ಬೋರ್ಡಿನ ತಾಮ್ರದ ತುಣುಕು, ಕಿತ್ತು ಬರುವುದಕ್ಕೆ ಮುಖ್ಯ ಕಾರಣ ಬಲ ಹಾಕುವುದು. ಬೆಸುಗೆ ನೀರಾದ ಮೇಲೆ ಭಾಗವು ಚಿಮುಟದ ಸ್ಪರ್ಶಕ್ಕೇ ಜಾರಬೇಕು. ಎಳೆಯಬೇಕಾಗಿ ಬಂದರೆ ಇನ್ನೂ ಕರಗಿಲ್ಲ ಎಂದರ್ಥ.

ಶಾಕ್ ಹೊಡೆಯುತ್ತದೆಯೇ? ಮನೆಯಲ್ಲಿ ಅಮ್ಮ ಹೆದರುತ್ತಾರೆ.

ಲ್ಯಾಪ್‌ಟಾಪ್ ಬೋರ್ಡಿಗೆ ಬರುವುದು ಸುಮಾರು 19 ವೋಲ್ಟ್ ಡಿಸಿ. ಅದರಿಂದ ಪ್ರಾಣಾಪಾಯವಿಲ್ಲ ಎಂದು ಅಮ್ಮನಿಗೆ ಹೇಳಿ. ಆದರೆ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ (ವಿದ್ಯುತ್ ಸರಬರಾಜಿನ ಪೆಟ್ಟಿಗೆ) ಮತ್ತು ಲ್ಯಾಪ್‌ಟಾಪ್ ಅಡಾಪ್ಟರುಗಳ ಒಳಗೆ 230 ವೋಲ್ಟ್ ಎಸಿ ಸುಮಾರು 325 ವೋಲ್ಟ್ ಡಿಸಿಯಾಗಿ ದೊಡ್ಡ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು. ಕಲಿಯುವ ಕಾಲದಲ್ಲಿ ಅವುಗಳನ್ನು ತೆರೆಯಲೇಬೇಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ. ಬೋರ್ಡು ಮುಟ್ಟುವ ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ. ಇದನ್ನು ಮರೆತು ಬೋರ್ಡು ಸುಟ್ಟುಕೊಂಡವರನ್ನು ಕಂಡಿದ್ದೇನೆ. ಫ್ಲಕ್ಸ್ ಹೊಗೆ ಮುಖಕ್ಕೆ ಬರದಂತೆ ಫ್ಯಾನ್ ಇಡಿ. ಲೆಡ್ ಹಿಡಿದ ಕೈಯನ್ನು ಊಟಕ್ಕೆ ಮೊದಲು ಸೋಪಿನಿಂದ ತೊಳೆಯಿರಿ, ಸೀಸ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಊಟದ ಮೇಜಿನ ಮೇಲೆ ಈ ಕೆಲಸ ಬೇಡವೇ ಬೇಡ.

## ಬೋರ್ಡನ್ನು ಓದುವುದು

ಸ್ಕೀಮ್ಯಾಟಿಕ್ ತೆರೆದರೆ ಐವತ್ತು ಅರುವತ್ತು ಪುಟ. ತಲೆ ತಿರುಗುತ್ತದೆ. ಎಲ್ಲಿಂದ ಓದಲಿ?

ಮೊದಲು ಸರಿಯಾದ ಸ್ಕೀಮ್ಯಾಟಿಕ್, ಅಂದರೆ ಬೋರ್ಡಿನ ಸರ್ಕ್ಯೂಟಿನ ನಕ್ಷೆ, ಹಿಡಿಯಬೇಕು. ಲ್ಯಾಪ್‌ಟಾಪ್ ಹೆಸರಿನಿಂದ ಹುಡುಕಿದರೆ ದಾರಿ ತಪ್ಪುತ್ತೀರಿ, ಒಂದೇ ಹೆಸರಿನಲ್ಲಿ ಹಲವು ಬೋರ್ಡು ಬಂದಿರುತ್ತವೆ. ಬೋರ್ಡಿನ ಮೇಲೆ ಅಚ್ಚಾದ ಸಂಖ್ಯೆಯನ್ನು ನೋಡಿ. ಕಾಂಪಾಲ್ ತಯಾರಿಸಿದವುಗಳಲ್ಲಿ 'ಎಲ್‌ಎ', ಕ್ವಾಂಟಾದವುಗಳಲ್ಲಿ 'ಡಿಎ0', ಲೆನೊವೊದ ಅನೇಕ ಬೋರ್ಡುಗಳಲ್ಲಿ 'ಎನ್‌ಎಂ' ಎಂದು ಶುರುವಾಗುತ್ತದೆ. ಪರಿಷ್ಕರಣೆಯ ಸಂಖ್ಯೆಯೂ ಹೊಂದಬೇಕು.

ಐವತ್ತು ಪುಟವನ್ನೂ ಓದುವ ಅಗತ್ಯವಿಲ್ಲ. ಬ್ಲಾಕ್ ಡಯಾಗ್ರಾಮ್, ಅಡಾಪ್ಟರ್ ಒಳಬರುವ ಪುಟ, ಚಾರ್ಜರ್ ಐಸಿಯ ಪುಟ, 3.3 ಮತ್ತು 5 ವೋಲ್ಟ್ ತಯಾರಾಗುವ ಪುಟ, ಇಸಿ ಎಂಬ ನಿಯಂತ್ರಕ ಚಿಪ್ಪಿನ ಪುಟ: ಈ ಐದನ್ನು ಮುದ್ರಿಸಿ ಗೋಡೆಗೆ ಅಂಟಿಸಿ. ಬಣ್ಣದ ಪೆನ್ಸಿಲ್ಲಿನಿಂದ 19 ವೋಲ್ಟಿನ ದಾರಿಯನ್ನು ಜಾಕ್‌ನಿಂದ ಎಳೆಯುತ್ತಾ ಹೋಗಿ. ಭಾಗಗಳು ಬೋರ್ಡಿನಲ್ಲಿ ಎಲ್ಲಿವೆ ಎಂದು ತೋರಿಸುವ ಬೋರ್ಡ್‌ವ್ಯೂ ಕಡತಗಳನ್ನು ತೆರೆಯಲು ಓಪನ್‌ಬೋರ್ಡ್‌ವ್ಯೂ ಎಂಬ ಉಚಿತ ತಂತ್ರಾಂಶವಿದೆ. ತಯಾರಕರು ಈ ದಾಖಲೆಗಳನ್ನು ಸಾಮಾನ್ಯವಾಗಿ ಹೊರಗಿನವರಿಗೆ ಕೊಡುವುದಿಲ್ಲ. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಜಾಲತಾಣವನ್ನು ಆರಂಭಿಸಿತು. ನಮ್ಮಂಥ ಸಣ್ಣ ಅಂಗಡಿಗೆ ಸ್ಕೀಮ್ಯಾಟಿಕ್ ನೇರವಾಗಿ ಸಿಗುವ ದಿನ ಬರಬೇಕೆಂಬುದು ನನ್ನ ಬಯಕೆ.

ಪೂರ್ತಿ ಡೆಡ್ ಆದ ಬೋರ್ಡು ಬಂದರೆ ಮೊದಲು ಎಲ್ಲಿ ಅಳೆಯಬೇಕು?

ಮೀಟರ್ ಹಿಡಿಯುವ ಮೊದಲು ಕಣ್ಣು. ಬೇರೆ ಅಡಾಪ್ಟರ್ ಹಾಕಿ ನೋಡಿ, ಭೂತಗನ್ನಡಿಯಲ್ಲಿ ಇಡೀ ಬೋರ್ಡನ್ನು ನೋಡಿ: ಸುಟ್ಟ ಕಲೆ, ನೀರು ಕಾಫಿ ಬಿದ್ದ ಹಸಿರು ಬಿಳಿ ಗುರುತು, ಒಡೆದ ಕೆಪಾಸಿಟರ್. ಆಮೇಲೆ ಕರೆಂಟ್ ಕೊಡದೆಯೇ ಪ್ರತಿ ದೊಡ್ಡ ಕಾಯಿಲ್‌ನಿಂದ ಗ್ರೌಂಡಿಗೆ ಎಷ್ಟು ಓಮ್ ಎಂದು ಬರೆದುಕೊಳ್ಳಿ. ಶಾರ್ಟ್ ಇದ್ದರೆ ಇಲ್ಲಿಯೇ ಗೊತ್ತಾಗುತ್ತದೆ.

ಶಾರ್ಟ್ ಇಲ್ಲವೆಂದಾದರೆ ಅಡಾಪ್ಟರ್ ಕೊಟ್ಟು ಮೇಲಿನಿಂದ ಕೆಳಕ್ಕೆ ಬನ್ನಿ, ಕಾಲುವೆಯಲ್ಲಿ ನೀರು ಎಲ್ಲಿ ನಿಂತಿದೆ ಎಂದು ತೂಬಿನಿಂದ ನೋಡುತ್ತಾ ಬರುವಂತೆ. ಜಾಕ್‌ನಲ್ಲಿ 19 ವೋಲ್ಟ್ ಇದೆಯೇ? ಅಲ್ಲಿಂದ ಫ್ಯೂಸ್ ದಾಟಿ ಮೊದಲ ಮಾಸ್ಫೆಟ್‌ವರೆಗೆ ಬಂದಿದೆಯೇ? ಮಾಸ್ಫೆಟ್ ತೆರೆಯದಿದ್ದರೆ ಅದನ್ನು ಕೂಡಲೇ ಬದಲಿಸಬೇಡಿ. ಗೇಟಿಗೆ ಆಜ್ಞೆ ಕೊಡುವ ಚಾರ್ಜರ್ ಐಸಿಯನ್ನು ಕೇಳಿ. ಉದಾಹರಣೆಗೆ ಬಿಕ್ಯೂ24735 ಎಂಬ ಐಸಿ, ಅಡಾಪ್ಟರ್ ಬಂದಿದೆಯೆಂದು ಒಪ್ಪಬೇಕಾದರೆ ಅದರ ಎಸಿಡೆಟ್ ಕಾಲಿನಲ್ಲಿ 2.4 ವೋಲ್ಟಿಗಿಂತ ಹೆಚ್ಚಿರಬೇಕು. ಎರಡು ಪುಟ್ಟ ರೆಸಿಸ್ಟರುಗಳು ಆ ವೋಲ್ಟೇಜನ್ನು ಕೊಡುತ್ತವೆ. ಅವುಗಳಲ್ಲಿ ಒಂದು ಕೆಟ್ಟರೂ ಬೋರ್ಡು ಡೆಡ್. ಐಸಿ ಬದಲಿಸಿ ಬದಲಿಸಿ ಸೋತವರು ಈ ರೆಸಿಸ್ಟರನ್ನು ಅಳೆದಿರುವುದೇ ಇಲ್ಲ.

ಮುಖ್ಯ 19 ವೋಲ್ಟಿನ ಹಾದಿ ಸರಿಯಿದ್ದರೆ ಮುಂದೆ 3.3 ಮತ್ತು 5 ವೋಲ್ಟ್. 3.3 ವೋಲ್ಟ್ ಹುಟ್ಟದಿದ್ದರೆ ಇಸಿ ಎಚ್ಚರವಾಗುವುದಿಲ್ಲ, ಬಟನ್ ಒತ್ತಿದ್ದು ಯಾರಿಗೂ ಕೇಳಿಸುವುದಿಲ್ಲ. ಇವೆರಡೂ ಇದ್ದರೆ ಬಟನ್ನಿನ ಕಾಲನ್ನು ಅಳೆಯಿರಿ: ಸಾಮಾನ್ಯವಾಗಿ 3.3 ವೋಲ್ಟ್ ಇರುತ್ತದೆ, ಒತ್ತಿದಾಗ ಸೊನ್ನೆಗೆ ಇಳಿಯುತ್ತದೆ. ಆಮೇಲೆ ಇಸಿ ಚಿಪ್‌ಸೆಟ್ಟನ್ನು ಎಬ್ಬಿಸುತ್ತದೆ, ಚಿಪ್‌ಸೆಟ್ ನಿದ್ರೆಯ ಸಂಕೇತಗಳನ್ನು ಒಂದೊಂದಾಗಿ ಮೇಲಕ್ಕೆತ್ತುತ್ತದೆ, ರ್‍ಯಾಮಿಗೆ ವೋಲ್ಟೇಜ್ ಬರುತ್ತದೆ (ಡಿಡಿಆರ್4 ಆದರೆ 1.2), ಕೊನೆಗೆ ಸಿಪಿಯುವಿನ ಸರದಿ. ಯಾವ ಮೆಟ್ಟಿಲಿನಲ್ಲಿ ನಿಂತಿತೋ ಅಲ್ಲಿಯೇ ನಿಮ್ಮ ಕೆಲಸ. ಅದನ್ನು ದಾಟಿ ಮುಂದಿನದನ್ನು ಅಳೆಯುವುದರಿಂದ ಗೊಂದಲ ಮಾತ್ರ ಹೆಚ್ಚುತ್ತದೆ.

ಸಿಪಿಯು ಪಕ್ಕದ ಕಾಯಿಲ್‌ಗೆ ಪ್ರೋಬ್ ಇಟ್ಟರೆ ಮೀಟರ್ ಬೀಪ್ ಎನ್ನುತ್ತದೆ. ಶಾರ್ಟ್ ತಾನೇ?

ಬಹಳ ಸಲ ಅಲ್ಲ. ಸಿಪಿಯುವಿನ ಮುಖ್ಯ ಸರಬರಾಜಿನಲ್ಲಿ ಕೆಲವೇ ಓಮ್, ಕೆಲವು ಬೋರ್ಡುಗಳಲ್ಲಿ ಒಂದು ಓಮಿಗಿಂತ ಕಡಿಮೆ ಇರುವುದೂ ಸಹಜ. ಕೆಲವು ಹತ್ತರಷ್ಟು ಓಮಿಗಿಂತ ಕಡಿಮೆಯಿದ್ದರೆ ಸಾಕು, ಮೀಟರಿನ ಬಜರ್ ಕೂಗಿಬಿಡುತ್ತದೆ. ಇಲ್ಲಿ ಬಜರ್ ಬಿಟ್ಟು ಓಮ್ ಅಂಕಿಯನ್ನೇ ಓದಿ, ಪ್ರೋಬುಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆಯಿರಿ, ಒಳ್ಳೆಯ ಬೋರ್ಡಿನ ಜೊತೆ ಹೋಲಿಸಿ. ನಾನು ಕಲಿಯುತ್ತಿದ್ದಾಗ ಇದೇ ಬೀಪ್ ಕೇಳಿ, ಸರಿಯಾಗಬಹುದಾಗಿದ್ದ ಒಂದು ಬೋರ್ಡನ್ನು ಸಿಪಿಯು ಸತ್ತಿದೆ ಎಂದು ಗುಜರಿಗೆ ಹಾಕಿದೆ. ಆರು ತಿಂಗಳ ನಂತರ ಅದೇ ಮಾದರಿಯ ಒಳ್ಳೆಯ ಬೋರ್ಡಿನಲ್ಲಿ ಅದೇ ಅಂಕಿ ಕಂಡ ದಿನ ಬಹಳ ಬೇಸರವಾಯಿತು.

19 ವೋಲ್ಟಿನಲ್ಲಿ ಶಾರ್ಟ್ ಇದೆ. ಯಾವ ಕೆಪಾಸಿಟರ್ ಎಂದು ಹುಡುಕುವುದು ಹೇಗೆ? ಒಂದೊಂದೇ ಕೀಳಬೇಕೇ?

ಕೀಳಬೇಡಿ. ಪವರ್ ಸಪ್ಲೈಯನ್ನು 1 ವೋಲ್ಟಿಗೆ ಇಳಿಸಿ, ಕರೆಂಟಿನ ಮಿತಿಯನ್ನು 2-3 ಆಂಪಿಯರಿಗೆ ಇಟ್ಟು ಶಾರ್ಟ್ ಆದ ಹಾದಿಗೆ ಕೊಡಿ. ಶಾರ್ಟ್ ಆದ ಭಾಗ ಬಿಸಿಯಾಗುತ್ತದೆ. ಬೋರ್ಡಿನ ಮೇಲೆ ಆಲ್ಕೊಹಾಲ್ ಸವರಿದ್ದರೆ ಮೊದಲು ಒಣಗುವ ಜಾಗವೇ ಅಪರಾಧಿಯ ಜಾಗ. ಥರ್ಮಲ್ ಕ್ಯಾಮೆರಾ ಇಲ್ಲದೆಯೂ ಇದು ನಡೆಯುತ್ತದೆ.

ಇಲ್ಲಿ ವೀಡಿಯೊಗಳು ಹೇಳದೆ ಬಿಡುವ ಅಪಾಯವೊಂದಿದೆ. ಸಿಪಿಯುವಿಗೆ ವೋಲ್ಟೇಜ್ ಇಳಿಸಿ ಕೊಡುವ ಮಾಸ್ಫೆಟ್ ಜೋಡಿಯಲ್ಲಿ ಮೇಲಿನದು, ಅಂದರೆ 19 ವೋಲ್ಟಿನ ಕಡೆಯದು, ಒಳಗೇ ಶಾರ್ಟ್ ಆಗಿದ್ದರೆ, 19 ವೋಲ್ಟಿನ ಹಾದಿ ನೇರವಾಗಿ ಸಿಪಿಯುವಿನ ಜೊತೆ ಸೇರಿರುತ್ತದೆ. ಆಗ ನೀವು 19 ವೋಲ್ಟ್ ಕೊಟ್ಟರೆ ಸಿಪಿಯುವನ್ನು ನಿಮ್ಮ ಕೈಯಾರೆ ಕೊಂದಂತೆ. ಆದ್ದರಿಂದ ಮೊದಲು ಪ್ರತಿ ಮೇಲಿನ ಮಾಸ್ಫೆಟ್ಟಿನ ಡ್ರೇನ್ ಮತ್ತು ಸೋರ್ಸ್ ಎಂಬ ಕಾಲುಗಳ ನಡುವೆ ಅಳೆಯಿರಿ, 1 ವೋಲ್ಟಿನಿಂದ ಮೇಲೆ ಏರುವ ಆತುರ ಬೇಡ.

## ಸ್ವಲ್ಪ ಮುಂದೆ ಹೋದವರಿಗೆ

ಬಯಾಸ್ ಫೈಲ್ ಡೌನ್‌ಲೋಡ್ ಮಾಡಿ ಹಾಕಿದೆ, ಬೋರ್ಡು ಮೊದಲಿಗಿಂತ ಕೆಟ್ಟಿತು. ಯಾಕೆ?

ಮೂಲ ಬಯಾಸನ್ನು, ಅಂದರೆ ಲ್ಯಾಪ್‌ಟಾಪನ್ನು ಶುರು ಮಾಡುವ, ಬೋರ್ಡಿನ ಒಂದು ಚಿಪ್ಪಿನಲ್ಲಿರುವ ತಂತ್ರಾಂಶವನ್ನು, ಓದಿ ಉಳಿಸಿಕೊಂಡಿದ್ದೀರಾ? ಎರಡು ಸಲ ಓದಿ, ಎರಡೂ ಒಂದೇ ಇದೆಯೆಂದು ಹೋಲಿಸಿ ನೋಡಿದ ಮೇಲೆಯೇ ಅಳಿಸಬೇಕು. ಆ ಚಿಪ್ಪಿನಲ್ಲಿ ಲ್ಯಾಪ್‌ಟಾಪಿನ ಕ್ರಮಸಂಖ್ಯೆ, ವಿಂಡೋಸ್ ಕೀ, ಇಂಟೆಲ್ ಬೋರ್ಡಾದರೆ ಎಂಇ ಎಂಬ ಇಂಟೆಲ್ ತಂತ್ರಾಂಶದ ಭಾಗ ಇರುತ್ತವೆ. ಬೇರೊಂದು ಲ್ಯಾಪ್‌ಟಾಪಿನಿಂದ ತೆಗೆದ ಕಡತದಲ್ಲಿ ಅದರ ಗುರುತುಗಳಿರುತ್ತವೆ. ಇನ್ನೆರಡು ಕಾರಣಗಳೂ ಇರಬಹುದು. ಚಿಪ್ 1.8 ವೋಲ್ಟಿನದಾಗಿದ್ದು ನೀವು 3.3 ಕೊಟ್ಟಿರಬಹುದು. ಇಲ್ಲವೇ ನಿಮ್ಮದು ಸಿಎಚ್341ಎ ಎಂಬ ಅಗ್ಗದ ಕಪ್ಪು ಪ್ರೋಗ್ರಾಮರ್ (ಬಯಾಸ್ ಚಿಪ್ಪನ್ನು ಓದಿ ಬರೆಯುವ ಸಾಧನ) ಆಗಿರಬಹುದು. ಅದರ ಹಲವು ಪ್ರತಿಗಳಲ್ಲಿ ಚಿಪ್ಪಿಗೆ 3.3 ವೋಲ್ಟ್ ಹೋದರೂ ಡೇಟಾ ಕಾಲುಗಳಿಗೆ 5 ವೋಲ್ಟ್ ಹೋಗುತ್ತದೆ. ಕೊಂಡ ದಿನವೇ ಮೀಟರ್ ಹಿಡಿದು ಪರೀಕ್ಷಿಸಿ.

ಗ್ರಾಫಿಕ್ಸ್ ಚಿಪ್ಪನ್ನು ಬ್ಲೋವರ್‌ನಿಂದ ಬಿಸಿ ಮಾಡಿದರೆ ಸರಿಯಾಗುತ್ತದೆ ಎಂದು ತೋರಿಸುತ್ತಾರೆ. ನಿಜವೇ?

ಪರದೆ ಬೆಳಗುವುದು ನಿಜ. ಕೆಲವು ವಾರದಲ್ಲಿ ಮತ್ತೆ ಆರುವುದೂ ಅಷ್ಟೇ ನಿಜ. 2008ರಲ್ಲಿ ಎನ್ವಿಡಿಯಾ ಕಂಪನಿಯೇ ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳ ಒಳಕಟ್ಟಿನಲ್ಲಿ ದುರ್ಬಲತೆ ಇದೆಯೆಂದು ಒಪ್ಪಿ, ಅದಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಹೇಳಿತು. ಅಲ್ಲಿ ಬಿಟ್ಟುಹೋಗುತ್ತಿದ್ದದ್ದು ಸಿಲಿಕಾನ್ ತುಂಡಿನ ಕೆಳಗಿನ ಸೂಕ್ಷ್ಮ ಬೆಸುಗೆ. ಚಿಪ್ಪನ್ನು ಬೋರ್ಡಿಗೆ ಅಂಟಿಸುವ ಬೆಸುಗೆಯ ಉಂಡೆಗಳು ಚೆನ್ನಾಗಿಯೇ ಇರುತ್ತಿದ್ದವು. ಬಿಸಿಗೆ ಒಳಗಿನ ಬಿರುಕು ತಾತ್ಕಾಲಿಕವಾಗಿ ಕೂಡುತ್ತದೆ. ಅದೇ ಚಿಪ್ಪನ್ನು ರೀಬಾಲ್ ಮಾಡಿದರೂ, ಅಂದರೆ ಆ ಉಂಡೆಗಳನ್ನು ಹೊಸದಾಗಿ ಕೂರಿಸಿದರೂ, ಇದೇ ಕಥೆ. ಹೊಸ ಚಿಪ್ ಹಾಕುವುದೊಂದೇ ದುರಸ್ತಿ. ಬಿಸಿ ಮಾಡಿ ಹಣ ಪಡೆದು ಕಳಿಸುವುದನ್ನು ನಾನು ಮೋಸ ಎಂದೇ ಕರೆಯುತ್ತೇನೆ.

ಗಿರಾಕಿಯ ಬೋರ್ಡಿಗೆ ಯಾವಾಗ ಕೈ ಹಾಕಬಹುದು?

ಗುಜರಿಯ ಬೋರ್ಡಿನಿಂದ ಎಂಟು ಕಾಲಿನ ಐಸಿಯನ್ನು ತೆಗೆದು, ಅದನ್ನೇ ಮತ್ತೆ ಕೂರಿಸಿ, ಹತ್ತು ಸಲದಲ್ಲಿ ಹತ್ತು ಸಲವೂ ಪ್ಯಾಡ್ ಉಳಿಯುವವರೆಗೆ ಬೇಡ. ಆಮೇಲೆ ಜಾಕ್, ಫ್ಯೂಸ್, ಶಾರ್ಟ್ ಆದ ಕೆಪಾಸಿಟರ್, ಮಾಸ್ಫೆಟ್ ಈ ಕ್ರಮದಲ್ಲಿ ಮುಂದೆ ಹೋಗಿ. ಒಪ್ಪಿಕೊಳ್ಳುವಾಗಲೇ ಮೂರು ಮಾತು ಹೇಳಿ: ಸರಿಯಾಗದೆಯೂ ಇರಬಹುದು, ಒಳಗಿನ ಕಡತಗಳ ಪ್ರತಿ ಇಟ್ಟುಕೊಳ್ಳದಿದ್ದರೆ ಈಗಲೇ ತಿಳಿಸಿ, ಸರಿಯಾಗದಿದ್ದರೆ ತೆಗೆದುಕೊಳ್ಳುವ ಪರೀಕ್ಷಾ ಶುಲ್ಕ ಇಷ್ಟು. ಬೋರ್ಡಿನ ಎರಡೂ ಬದಿಯ ಫೋಟೊ ತೆಗೆದಿಡಿ. ನಿಮ್ಮಿಂದ ಆಗಲಿಲ್ಲವೆಂದರೆ, ಹಿಂದಿರುಗಿಸುವಾಗ ಎಲ್ಲೆಲ್ಲಿ ಎಷ್ಟು ವೋಲ್ಟ್ ಕಂಡಿತು, ಏನನ್ನು ಬದಲಿಸಿದಿರಿ ಎಂದು ಬರೆದ ಚೀಟಿಯನ್ನೂ ಜೊತೆಗೆ ಕೊಡಿ. ನನ್ನ ಬಳಿಗೆ ಅಂಥ ಚೀಟಿ ಹೊತ್ತು ಬಂದ ಬೋರ್ಡುಗಳನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ.